ಕೀಟ ನಿಯಂತ್ರಣ: ಪರವಾನಗಿ ಉಳ್ಳವನಿಗೆ ಹೊರೆ, ಇಲ್ಲದವನಿಗೆ ಲಾಭ

ಬೆಂಗಳೂರು: ‘ಮನೆಗೆ ಔಷಧಿ ಹೊಡೆಸಬೇಕು.’ ತಿಗಣೆ, ಜಿರಳೆ, ಗೆದ್ದಲಿನ ಕಾಟ ತಾಳಲಾರದ ನಗರವಾಸಿ ಆಡುವ ಮೊದಲ ಮಾತು ಇದು. ಹೊಡೆಸುವುದು ವಿಷ, ಕರೆಯುವುದು ಔಷಧಿ ಎಂದು. ಕಾಯಿಲೆಗೆ ಮದ್ದು ಬರೆಯುವ ವೈದ್ಯನ ಪದವಿ ಯಾವುದೆಂದು ವಿಚಾರಿಸುವ ಜನ, ಮಲಗುವ ಕೋಣೆಗೆ ಈ ‘ಔಷಧಿ’ ಹೊಡೆಯಲು ಬಂದವನ ಬಳಿ ಪರವಾನಗಿ ಇದೆಯೇ ಎಂದು ಕೇಳುವುದು ಅಪರೂಪ. ಕೇಳುವ ಪ್ರಶ್ನೆ ಒಂದೇ: ‘ಎಷ್ಟಾಗುತ್ತದೆ?’

ಆ ಪ್ರಶ್ನೆಗೆ ಕಡಿಮೆ ಉತ್ತರ ಹೇಳಿದವನಿಗೆ ಕೆಲಸ ಸಿಗುತ್ತದೆ. ಕಡಿಮೆ ಹೇಳಲು ಸಾಧ್ಯವಾಗುವುದು ಕಾನೂನಿನ ಯಾವ ಖರ್ಚನ್ನೂ ಹೊರದವನಿಗೆ. ರಾಜಧಾನಿಯ ಕೀಟ ನಿಯಂತ್ರಣ ವ್ಯವಹಾರದ ತಿರುಳು ಇಷ್ಟೇ. ಆದರೆ ಅದರ ಬೆಲೆಯನ್ನು ಕೆಲವರು ಪ್ರಾಣದಿಂದ ತೆತ್ತಿದ್ದಾರೆ.

ಮುಚ್ಚಿದ ಕೋಣೆಯ ಎರಡು ಸಾವು

ಕೆಲವು ವರ್ಷಗಳ ಹಿಂದೆ ವಸಂತನಗರದ ಬಾಡಿಗೆ ಮನೆಯೊಂದರಲ್ಲಿ ಎಂಟು ವರ್ಷದ ಬಾಲಕಿ ಮೃತಪಟ್ಟಳು. ಕುಟುಂಬ ಕೇರಳದ ತಮ್ಮ ಊರಿಗೆ ಹೋಗಿದ್ದಾಗ ಮನೆಗೆ ಕೀಟನಾಶಕ ಸಿಂಪಡಿಸಲಾಗಿತ್ತು. ಮರಳಿ ಬಂದವರು ಅದೇ ಮನೆಯಲ್ಲಿ ಮಲಗಿದರು. ತಂದೆ ತಾಯಿ ಆಸ್ಪತ್ರೆ ಸೇರಿ ಬದುಕಿದರು, ಮಗು ಬದುಕಲಿಲ್ಲ.

2025ರ ಅಕ್ಟೋಬರ್‌ನಲ್ಲಿ ಎಚ್‌ಎಎಲ್ ಪೊಲೀಸ್ ಠಾಣೆ ವ್ಯಾಪ್ತಿಯ ಪೇಯಿಂಗ್ ಗೆಸ್ಟ್ ವಸತಿಗೃಹವೊಂದರಲ್ಲಿ 22 ವರ್ಷದ ವಿದ್ಯಾರ್ಥಿಯೊಬ್ಬ ಸಾವಿಗೀಡಾದ. ಆತನೂ ಊರಿಗೆ ಹೋಗಿದ್ದವನೇ. ಅವನು ಇಲ್ಲದ ವೇಳೆ ತಿಗಣೆಗೆಂದು ಕೋಣೆಗೆ ರಾಸಾಯನಿಕ ಹಾಕಲಾಗಿತ್ತು, ಅದನ್ನು ಆತನಿಗೆ ತಿಳಿಸಿರಲಿಲ್ಲ ಎಂಬುದು ಆರೋಪ. ಬೀಗ ತೆಗೆದು ಒಳಗೆ ಹೋಗಿ ಮಲಗಿದವನು ಬದುಕಿ ಉಳಿಯಲಿಲ್ಲ.

ಎರಡು ಘಟನೆಗಳ ನಡುವೆ ವರ್ಷಗಳ ಅಂತರವಿದೆ. ಸ್ವರೂಪ ಮಾತ್ರ ಒಂದೇ. ಬಾಡಿಗೆಗೆ ಇದ್ದವರು ಊರಿಗೆ ಹೋಗಿದ್ದರು. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ವಿಷ ಉಳಿದಿತ್ತು. ಒಳಗೆ ಏನಿದೆ, ಎಷ್ಟು ಹೊತ್ತು ಹೊರಗಿರಬೇಕು ಎಂದು ಬಲ್ಲವರೊಬ್ಬರು ಹೇಳಿ ಹೋಗುವ ವ್ಯವಸ್ಥೆ ಅಲ್ಲಿರಲಿಲ್ಲ. ಪರವಾನಗಿ ಎಂಬ ಕಾಗದ ಇರುವುದೇ ಆ ‘ಬಲ್ಲವರು’ ಇರಲಿ ಎಂಬ ಕಾರಣಕ್ಕೆ.

ದುರಂತದಿಂದ ಹುಟ್ಟಿದ ಕಾಯ್ದೆ

ಕೀಟನಾಶಕಗಳ ಕುರಿತ ಕೇಂದ್ರ ಕಾಯ್ದೆ ಹುಟ್ಟಿದ್ದು ಸಹ ಸಾವುಗಳ ನಡುವೆಯೇ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಹಡಗಿನಲ್ಲಿ ಆಹಾರ ಪದಾರ್ಥವನ್ನೂ ವಿಷವನ್ನೂ ಒಟ್ಟಿಗೆ ಸಾಗಿಸಿದ್ದೇ ಇದಕ್ಕೆ ಕಾರಣವಾಗಿತ್ತು. ಆ ದುರಂತದ ವಿಚಾರಣೆ, ಆ ಬಳಿಕದ ತಜ್ಞರ ಶಿಫಾರಸುಗಳ ಫಲವಾಗಿ 1968ರಲ್ಲಿ ಕೀಟನಾಶಕ ಕಾಯ್ದೆ, 1971ರಲ್ಲಿ ಅದರ ನಿಯಮಗಳು ಬಂದವು.

ಕಾಯ್ದೆಯ 13ನೇ ಕಲಂ ಪ್ರಕಾರ ಕೀಟನಾಶಕ ತಯಾರಿಸುವವರು, ಮಾರುವವರು ಮಾತ್ರವಲ್ಲ, ಹಣ ಪಡೆದು ಕೀಟ ನಿಯಂತ್ರಣ ಮಾಡುವವರೂ ಪರವಾನಗಿ ಪಡೆಯಬೇಕು. ಅರ್ಜಿದಾರ ಕೃಷಿ ಪದವೀಧರನಾಗಿರಬೇಕು, ಇಲ್ಲವೇ ರಸಾಯನಶಾಸ್ತ್ರವನ್ನು ಓದಿದ ವಿಜ್ಞಾನ ಪದವೀಧರನಾಗಿರಬೇಕು. ಜತೆಗೆ ನಿಗದಿತ ಸಂಸ್ಥೆಯೊಂದರಲ್ಲಿ ಕನಿಷ್ಠ 15 ದಿನಗಳ ತರಬೇತಿ ಪಡೆದ ಪ್ರಮಾಣಪತ್ರ ಬೇಕು. ನಿಯಮದಲ್ಲಿ ಹೆಸರಿಸಿದ ಸಂಸ್ಥೆಗಳಲ್ಲಿ ಒಂದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ಜನ ಸಿಎಫ್‌ಟಿಆರ್‌ಐ ಎಂದು ಕರೆಯುವ ಸಂಸ್ಥೆ. ಉಳಿದವು ಉತ್ತರ ಪ್ರದೇಶದ ಹಾಪುರ ಮತ್ತು ಹೈದರಾಬಾದ್‌ನಲ್ಲಿವೆ.

ಅನಿಲ ಹೊರಸೂಸುವ ರಾಸಾಯನಿಕಗಳ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಗೋದಾಮಿನ ಕಾಳು ಹುಳು ಹಿಡಿಯದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ಅನಿಲವನ್ನು ಬಿಡುಗಡೆ ಮಾಡುತ್ತದೆ. ಅದಕ್ಕೆ ಬಣ್ಣವಿಲ್ಲ. ದೇಹ ಸೇರಿದ ಮೇಲೆ ಅದಕ್ಕೆಂದೇ ಇರುವ ಪ್ರತಿವಿಷವೂ ಇಲ್ಲ. ಬಿರುಕಿನ ಮೂಲಕ ಪಕ್ಕದ ಕೋಣೆಗೂ ನುಸುಳಬಲ್ಲದು. ಆದ್ದರಿಂದಲೇ ಇದನ್ನು ಸರ್ಕಾರಿ ಸಂಸ್ಥೆಗಳು ಅಥವಾ ಕೀಟ ನಿಯಂತ್ರಣ ಸಂಸ್ಥೆಗಳು ಮಾತ್ರ, ಅದೂ ಸರ್ಕಾರದ ಅಥವಾ ಕೇಂದ್ರದ ಸಸ್ಯ ಸಂರಕ್ಷಣಾ ಸಲಹೆಗಾರರು ಒಪ್ಪಿದ ತಜ್ಞರ ಮೇಲ್ವಿಚಾರಣೆಯಲ್ಲೇ ಬಳಸಬೇಕು ಎಂಬ ನಿರ್ಬಂಧವಿದೆ. ಜನ ಮಲಗುವ ಮನೆಯಲ್ಲಿ ಬಳಸುವ ವಸ್ತು ಇದಲ್ಲ.

ಹೀಗೆ ಕಾಗದದ ಮೇಲೆ ನೋಡಿದರೆ ಕಾನೂನು ದುರ್ಬಲವೇನಲ್ಲ. ಹಾಗಿದ್ದರೆ ತೊಡಕು ಎಲ್ಲಿದೆ?

ಹೊಲಕ್ಕೆ ಬರೆದ ಕಾನೂನು, ನಗರದ ಕೋಣೆ

ಪರವಾನಗಿ ನೀಡುವುದು ಕೃಷಿ ಇಲಾಖೆ. ಕಾಯ್ದೆಯಡಿ ತಪಾಸಣೆ ನಡೆಸುವ ಕೀಟನಾಶಕ ಪರಿವೀಕ್ಷಕರು ಕೃಷಿ ಅಧಿಕಾರಿಗಳು. ಗೊಬ್ಬರ, ಬಿತ್ತನೆ ಬೀಜ, ಕೀಟನಾಶಕದ ಅಂಗಡಿಗಳ ದಾಸ್ತಾನು ಪರಿಶೀಲಿಸಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಅವರಿಗೆ ರೂಢಿಯಾದ ಕೆಲಸ. ಕಲಬೆರಕೆ ಔಷಧದಿಂದ ಬೆಳೆ ಕಳೆದುಕೊಳ್ಳುವ ರೈತನ ರಕ್ಷಣೆಗೆ ಇದು ಬೇಕು. ಆದರೆ ಬಹುಮಹಡಿ ಕಟ್ಟಡದ ಮೂರನೇ ಅಂತಸ್ತಿನ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಯಾರು ಏನನ್ನು ಸಿಂಪಡಿಸಿದರು ಎಂದು ನೋಡುವ ಕಣ್ಣು ಇದಲ್ಲ.

ಮಹಾನಗರದ ಆಡಳಿತಕ್ಕೆ ಕಟ್ಟಡಗಳ ಪರಿಚಯವಿದೆ, ಕೀಟನಾಶಕದ ಅಧಿಕಾರವಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದರೂ ಈ ಹಂಚಿಕೆ ಬದಲಾಗಿಲ್ಲ. ಪಾಲಿಕೆ ಕೊಡುವುದು ವ್ಯಾಪಾರ ಪರವಾನಗಿ. ಮಳಿಗೆಯ ಬಾಗಿಲಿಗೆ ಅದು ಅನ್ವಯಿಸುತ್ತದೆ, ಪಂಪು ಹೊತ್ತು ಮನೆಮನೆಗೆ ಹೋಗುವವನಿಗೆ ಮಳಿಗೆಯೇ ಇರುವುದಿಲ್ಲ. ಪೊಲೀಸರು ಬರುವುದು ಸಾವು ಸಂಭವಿಸಿದ ಮೇಲೆ. ಆಗ ದಾಖಲಾಗುವುದು ನಿರ್ಲಕ್ಷ್ಯದಿಂದ ಸಾವು ಎಂಬ ಪ್ರಕರಣ. ಮೂರು ಇಲಾಖೆಗಳ ನಡುವೆ ಒಂದು ಕೋಣೆ ಅನಾಥವಾಗಿದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಂಶ ಕಾಯ್ದೆಯ 38ನೇ ಕಲಂನಲ್ಲಿದೆ. ಸ್ವಂತ ಮನೆಬಳಕೆಗೆ, ಕೈತೋಟಕ್ಕೆ ಅಥವಾ ತಾನು ಸಾಗುವಳಿ ಮಾಡುವ ಜಮೀನಿಗೆ ಕೀಟನಾಶಕ ಬಳಸುವ ವ್ಯಕ್ತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದು ಹೇಳುತ್ತದೆ. ರೈತನನ್ನೂ ಗೃಹಿಣಿಯನ್ನೂ ಅನಗತ್ಯ ಕಿರುಕುಳದಿಂದ ಕಾಪಾಡುವ ಈ ವಿನಾಯಿತಿ ನ್ಯಾಯವಾದದ್ದೇ. ಪ್ರಶ್ನೆ ಏಳುವುದು ನಗರದಲ್ಲಿ. ಹತ್ತಾರು ಮಂದಿಯಿಂದ ತಿಂಗಳ ಬಾಡಿಗೆ ಪಡೆಯುವ ಕಟ್ಟಡದ ಮಾಲೀಕ ತಾನೇ ಅಂಗಡಿಯಿಂದ ಡಬ್ಬಿ ತಂದು ಬಾಡಿಗೆದಾರರ ಕೋಣೆಗೆ ಸಿಂಪಡಿಸಿದರೆ ಅದು ‘ಸ್ವಂತ ಮನೆಬಳಕೆ’ಯೇ? ಕಾಯ್ದೆಯನ್ನು ಬರೆದ ಕಾಲದಲ್ಲಿ ಪೇಯಿಂಗ್ ಗೆಸ್ಟ್ ಎಂಬ ಉದ್ಯಮವೇ ಈ ಪ್ರಮಾಣದಲ್ಲಿ ಇರಲಿಲ್ಲ. ಮಲಗುವವನೊಬ್ಬ, ಸಿಂಪಡಿಸುವವನೊಬ್ಬನಾದಾಗ ವಿನಾಯಿತಿಯ ಉದ್ದೇಶವೇ ಉಳಿಯುವುದಿಲ್ಲ. ಕಾನೂನು ಅದನ್ನು ಬಿಡಿಸಿ ಹೇಳಬೇಕಾಗಿದೆ.

ಹಳೆಯ ಕಾಯ್ದೆಯ ಬದಲಿಗೆ ಹೊಸದನ್ನು ತರುವ ಪ್ರಯತ್ನಗಳೇನೋ ನಡೆದಿವೆ. 2008ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಸಂಸತ್ತಿನಲ್ಲಿ ಮಸೂದೆ ಮಂಡನೆಯಾಯಿತು. 2025ರ ಅಂತ್ಯದವರೆಗೂ ಎರಡರಲ್ಲಿ ಒಂದೂ ಕಾಯ್ದೆಯಾಗಿರಲಿಲ್ಲ.

ಪ್ರಾಮಾಣಿಕನ ಲೆಕ್ಕ

ಪರವಾನಗಿ ಪಡೆದು ಈ ವೃತ್ತಿ ನಡೆಸುವವನ ಖರ್ಚಿನ ಪಟ್ಟಿ ಉದ್ದವಿದೆ. ಪದವೀಧರನ ಸಂಬಳ, ತರಬೇತಿ, ರಾಸಾಯನಿಕ ಇಡಲು ಪ್ರತ್ಯೇಕ ಬೀಗಹಾಕಿದ ಕೋಣೆ, ಕೆಲಸಗಾರರಿಗೆ ಕೈಗವಸು, ಮುಖಕವಚ, ರಕ್ಷಣಾ ಉಡುಪು. ಸಿಂಪಡಿಸುವ ಕೆಲಸಗಾರರಿಗೆ ವೈದ್ಯಕೀಯ ತಪಾಸಣೆ ಮಾಡಿಸಬೇಕು. ಖಾಲಿ ಡಬ್ಬಿಯನ್ನು ಗುಜರಿಗೆ ಹಾಕದೆ, ಮತ್ತೆ ಯಾರೂ ಬಳಸದಂತೆ ನಾಶಪಡಿಸಬೇಕು. ಇದರ ಮೇಲೆ ಶೇ 18ರ ಜಿಎಸ್‌ಟಿ. ಬಿಲ್ಲು ಕೊಡದವನು ಈ ತೆರಿಗೆಯೊಂದರಲ್ಲೇ ಎದುರಾಳಿಗಿಂತ ಅಗ್ಗವಾಗಿಬಿಡುತ್ತಾನೆ.

ಎದುರಾಳಿಯ ಬಂಡವಾಳ ಏನು? ಬೆನ್ನಿಗೆ ಒಂದು ಪಂಪು, ಕಾಂಪೌಂಡ್ ಗೋಡೆಗೂ ವಿದ್ಯುತ್ ಕಂಬಕ್ಕೂ ಅಂಟಿಸಿದ ಮೊಬೈಲ್ ಸಂಖ್ಯೆ, ಕೃಷಿ ಔಷಧದ ಅಂಗಡಿಯಲ್ಲಿ ಕೊಂಡ ಡಬ್ಬಿ. ಹೊಲದ ಬೆಳೆಗೆಂದು ನೋಂದಣಿಯಾದ ರಾಸಾಯನಿಕವನ್ನು ಗಾಳಿ ಬೆಳಕು ಕಡಿಮೆ ಇರುವ ಕೋಣೆಗೆ ಹೊಡೆಯುವುದರಲ್ಲಿ ತಪ್ಪೇನಿದೆ ಎಂಬುದು ಅವನಿಗೆ ತಿಳಿಯದು. ತಿಳಿಸಿದವರೂ ಇಲ್ಲ. ತಿಗಣೆಗೆಂದು ಬಹುಕಾಲ ಬಳಕೆಯಲ್ಲಿದ್ದ ಡೈಕ್ಲೋರ್‌ವಾಸ್ ಅನ್ನು ಕೇಂದ್ರ ಸರ್ಕಾರ 2018ರಲ್ಲಿ ಆದೇಶ ಹೊರಡಿಸಿ, 2020ರ ಡಿಸೆಂಬರ್ 31ರಿಂದ ಸಂಪೂರ್ಣ ನಿಷೇಧಿಸಿದೆ. ಇಂತಹ ಆದೇಶ ಹೊರಬಿದ್ದಾಗ ಪರವಾನಗಿ ಉಳ್ಳವನು ದಾಸ್ತಾನು ಬದಲಿಸಬೇಕು. ಪರವಾನಗಿಯೇ ಇಲ್ಲದವನಿಗೆ ಆದೇಶ ತಲುಪುವ ದಾರಿಯೂ ಇಲ್ಲ.

ಹೋಟೆಲುಗಳು, ಆಸ್ಪತ್ರೆಗಳು, ಔಷಧ ಕಾರ್ಖಾನೆಗಳು, ಸಾಫ್ಟ್‌ವೇರ್ ಕಂಪನಿಗಳ ಕಟ್ಟಡಗಳು ಪರವಾನಗಿ ಉಳ್ಳ ಸಂಸ್ಥೆಗಳಿಗೆ ಆಸರೆ. ಅಲ್ಲಿ ವಾರ್ಷಿಕ ಗುತ್ತಿಗೆ ಇರುತ್ತದೆ. ಆಹಾರ ಸುರಕ್ಷತೆಯ 2011ರ ನಿಯಮಾವಳಿ ಹೋಟೆಲುಗಳು ಕೀಟ ನಿಯಂತ್ರಣಕ್ಕೆ ವ್ಯವಸ್ಥೆ ಮಾಡಿಕೊಳ್ಳಬೇಕೆಂದು ಹೇಳುವುದರಿಂದ ತಪಾಸಣೆಗೆ ಬಂದವರು ದಾಖಲೆ ಕೇಳುತ್ತಾರೆ. ದಾಖಲೆ ಕೇಳುವವರು ಇರುವಲ್ಲಿ ಪರವಾನಗಿಗೆ ಬೆಲೆ ಇದೆ. ಕೇಳುವವರಿಲ್ಲದ ಮನೆ, ಪೇಯಿಂಗ್ ಗೆಸ್ಟ್, ಸಣ್ಣ ವಸತಿಗೃಹಗಳಲ್ಲಿ ಅದು ಬರೀ ಖರ್ಚು. ಈ ವ್ಯತ್ಯಾಸವೇ ಇಡೀ ಸಮಸ್ಯೆಯ ಕೀಲಿಕೈ.

ಕಾಣದ ಕೆಲಸಕ್ಕೆ ಯಾವ ದರ?

ಕೀಟ ನಿಯಂತ್ರಣದಲ್ಲಿ ಗ್ರಾಹಕನಿಗೆ ಗುಣಮಟ್ಟ ಕಾಣಿಸುವುದಿಲ್ಲ ಎಂಬುದು ಇನ್ನೊಂದು ತೊಡಕು. ಗೆದ್ದಲಿನ ಉದಾಹರಣೆಯನ್ನೇ ನೋಡಬಹುದು. ಕಟ್ಟಡ ಕಟ್ಟುವಾಗ ಪಾಯಕ್ಕೆ ಗೆದ್ದಲು ನಿರೋಧಕ ಹಾಕುವ ಕ್ರಮವನ್ನು ಭಾರತೀಯ ಮಾನಕ ಐಎಸ್ 6313 ವಿವರಿಸುತ್ತದೆ. ಪಾಯದ ತಳಕ್ಕೆ ಪ್ರತಿ ಚದರ ಮೀಟರಿಗೆ ಐದು ಲೀಟರ್ ದ್ರಾವಣ ಬೀಳಬೇಕು. ಕಟ್ಟಿ ಮುಗಿದ ಮನೆಯಾದರೆ ನೆಲವೂ ಗೋಡೆಯೂ ಕೂಡುವ ಅಂಚಿನಲ್ಲಿ ಸಾಲಾಗಿ ರಂಧ್ರ ಕೊರೆದು ದ್ರಾವಣ ತುಂಬಬೇಕು.

ಐದು ಲೀಟರ್ ಬಿದ್ದಿತೋ, ಎರಡೇ ಲೀಟರ್ ಬಿದ್ದಿತೋ? ದ್ರಾವಣದಲ್ಲಿ ಔಷಧ ಎಷ್ಟಿತ್ತು, ನೀರೆಷ್ಟಿತ್ತು? ಮೇಲೆ ಕಾಂಕ್ರೀಟ್ ಹಾಕಿದ ಬಳಿಕ ಯಾರೂ ಹೇಳಲಾರರು. ನಾಲ್ಕು ವರ್ಷ ಕಳೆದು ಬಾಗಿಲ ಚೌಕಟ್ಟು ಟೊಳ್ಳಾಗಿ, ಮೊದಲ ಮಳೆಗೆ ರೆಕ್ಕೆ ಮೂಡಿದ ಗೆದ್ದಲು ದೀಪದ ಸುತ್ತ ಹಾರಿದಾಗ ಮನೆಯವರು ಗ್ಯಾರಂಟಿ ಪತ್ರ ಹುಡುಕುತ್ತಾರೆ. ಪತ್ರದಲ್ಲಿರುವ ಮೊಬೈಲ್ ಸಂಖ್ಯೆ ಅಸ್ತಿತ್ವದಲ್ಲಿ ಇಲ್ಲದಿದ್ದರೆ ಆ ಗ್ಯಾರಂಟಿಗೆ ಅರ್ಥವಿಲ್ಲ. ಒಳ್ಳೆಯ ಕೆಲಸವೂ ಕೆಟ್ಟ ಕೆಲಸವೂ ಮೊದಲ ದಿನ ಒಂದೇ ತೆರನಾಗಿ ಕಾಣುವ ವ್ಯಾಪಾರದಲ್ಲಿ ದರ ಇಳಿಸಿದವನೇ ಗೆಲ್ಲುತ್ತಾನೆ, ಒಳ್ಳೆಯವನು ಮೆಲ್ಲಗೆ ಬಾಗಿಲು ಮುಚ್ಚುತ್ತಾನೆ.

ತಿಗಣೆಯ ಕತೆಯೂ ಇಂತಹದೇ. ಸಿಂಪಡಣೆಗೆ ಸಾಯುವುದು ಬೆಳೆದ ತಿಗಣೆ. ಮಂಚದ ಸಂದಿಯಲ್ಲಿ ಇಟ್ಟ ಮೊಟ್ಟೆ ಒಂದೆರಡು ವಾರದೊಳಗೆ ಒಡೆದು ಮರಿಯಾಗುತ್ತದೆ. ಆದ್ದರಿಂದಲೇ ಬಲ್ಲವನು ಎರಡನೇ ಭೇಟಿ ಬೇಕೆನ್ನುತ್ತಾನೆ. ಹಾಸಿಗೆ ಬಿಸಿಲಿಗೆ ಹಾಕಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ ಎನ್ನುತ್ತಾನೆ. ಗ್ರಾಹಕನಿಗೆ ಅದು ಹಣ ಕೀಳುವ ಹೂಟದಂತೆ ಕೇಳಿಸುತ್ತದೆ. ‘ಒಂದೇ ಸಲಕ್ಕೆ ಖಲಾಸ್’ ಎನ್ನುವವನು ಇಷ್ಟವಾಗುತ್ತಾನೆ. ಆದರೆ ಒಂದೇ ಸಲಕ್ಕೆ ಎಲ್ಲವನ್ನೂ ಕೊಲ್ಲುತ್ತೇನೆ ಎಂದು ಹೊರಟವನ ಕೈ ಹೆಚ್ಚು ತೀಕ್ಷ್ಣವಾದ ವಿಷದತ್ತ ಚಾಚುತ್ತದೆ. ಅಪಾಯ ಶುರುವಾಗುವುದು ಅಲ್ಲಿಂದ.

ವಾಸನೆಯ ಕುರಿತ ನಂಬಿಕೆಯೂ ಇದಕ್ಕೆ ನೀರೆರೆದಿದೆ. ಘಾಟು ಬಂದರೆ ಮಾತ್ರ ಔಷಧಿ ‘ಸ್ಟ್ರಾಂಗ್’ ಎಂಬ ಭಾವನೆ ಇನ್ನೂ ಹೋಗಿಲ್ಲ. ಅಡುಗೆಮನೆಯ ಜಿರಳೆಗೆ ಇಂದು ಬಳಕೆಯಲ್ಲಿರುವ ಜೆಲ್‌ಗಳಿಗೆ ಅಂತಹ ಘಾಟಿಲ್ಲ. ಕಪಾಟಿನ ಮೂಲೆಯಲ್ಲಿ ಚುಕ್ಕೆಯಂತೆ ಇಟ್ಟ ಜೆಲ್ ತಿಂದ ಜಿರಳೆ ಗೂಡಿಗೆ ಹೋಗಿ ಸಾಯುತ್ತದೆ, ಅದರಿಂದ ಉಳಿದವಕ್ಕೂ ವಿಷ ತಗಲುತ್ತದೆ. ಪಾತ್ರೆ ಪಗಡೆ ಹೊರಗಿಡುವ ತಾಪತ್ರಯವೂ ಇಲ್ಲ. ಆದರೂ ‘ಇಷ್ಟೇನಾ? ಏನೂ ಹೊಡೆಯಲೇ ಇಲ್ಲವಲ್ಲ’ ಎಂಬ ಅಸಮಾಧಾನ ಗ್ರಾಹಕನದು.

ಕಾಗದವೊಂದೇ ಸಾಲದು

ಹಾಗೆಂದು ಪರವಾನಗಿ ಇದ್ದರೆ ಎಲ್ಲವೂ ಕ್ಷೇಮ ಎಂದು ಭಾವಿಸುವುದೂ ತಪ್ಪಾದೀತು. 2024ರ ನವೆಂಬರ್‌ನಲ್ಲಿ ಚೆನ್ನೈ ಸಮೀಪದ ಕುಂದ್ರತ್ತೂರಿನಲ್ಲಿ ಇಲಿ ಕಾಟಕ್ಕೆಂದು ಮನೆಯೊಳಗೆ ಇಟ್ಟ ವಿಷದಿಂದ ಇಬ್ಬರು ಎಳೆಯ ಮಕ್ಕಳು ಅಸುನೀಗಿದರು, ತಂದೆ ತಾಯಿ ಆಸ್ಪತ್ರೆ ಸೇರಿದರು. ಆ ಮನೆಯವರು ಕರೆಸಿದ್ದು ಬೀದಿಯ ಅನಾಮಿಕನನ್ನಲ್ಲ, ಕೀಟ ನಿಯಂತ್ರಣ ಕಂಪನಿಯೊಂದನ್ನು. ಕೆಲಸಗಾರರು ವಿಷ ಇಟ್ಟು ಹೋದರು. ಕುಟುಂಬ ಹವಾನಿಯಂತ್ರಿತ ಕೋಣೆಯಲ್ಲಿ ಮಲಗಿತು.

ಇಲ್ಲಿ ಬಯಲಾಗುವ ಕೊರತೆ ಬೇರೆ. ಪದವಿ, ತರಬೇತಿಗಳನ್ನು ನಿಯಮ ಕೇಳುವುದು ಪರವಾನಗಿ ಪಡೆಯುವವನಿಂದ. ಮನೆಗೆ ಬರುವವನು ಅವನಲ್ಲ, ಅವನ ಬಳಿ ಸಂಬಳಕ್ಕೆ ಇರುವ ಹುಡುಗ. ಅವನಿಗೆ ತರಬೇತಿ ಕೊಡುವ ಹೊಣೆಯನ್ನು ನಿಯಮಗಳು ಮಾಲೀಕನ ಮೇಲೆ ಹೊರಿಸಿವೆಯಾದರೂ, ಅವನು ಕಲಿತನೇ ಇಲ್ಲವೇ ಎಂದು ಪರೀಕ್ಷಿಸಿ ಗುರುತುಪತ್ರ ಕೊಡುವ ಪದ್ಧತಿ ಆ ನಿಯಮಗಳಲ್ಲಿಲ್ಲ. ಪ್ರಮಾಣಪತ್ರ ಕಚೇರಿಯ ಗೋಡೆಯ ಮೇಲೆ, ಪಂಪು ಇನ್ನೊಬ್ಬನ ಬೆನ್ನ ಮೇಲೆ. ವಿಷಕ್ಕೆ ಮೊದಲು ಮೈಯೊಡ್ಡುವವನೂ ಆ ಹುಡುಗನೇ ಎಂಬುದನ್ನು ಮರೆಯಲಾಗದು. ಮುಖಕವಚವಿಲ್ಲದೆ ದಿನಕ್ಕೆ ನಾಲ್ಕಾರು ಮನೆ ಮುಗಿಸುವವನ ಆರೋಗ್ಯದ ಲೆಕ್ಕ ಇಡುವವರು ಯಾರು?

ಆಗಬೇಕಾದ್ದೇನು?

ಪರಿಹಾರಕ್ಕೆ ಸಂಸತ್ತಿನ ಹೊಸ ಕಾಯ್ದೆಯನ್ನೇ ಕಾಯಬೇಕೆಂದಿಲ್ಲ. ರಾಜ್ಯವೇ ಮಾಡಬಹುದಾದ ಕೆಲಸಗಳು ಇವೆ. ಪರವಾನಗಿ ಉಳ್ಳ ಸಂಸ್ಥೆಗಳ ಪಟ್ಟಿಯನ್ನು ಬಡಾವಣೆವಾರು ಸುಲಭವಾಗಿ ಸಿಗುವಂತೆ ಪ್ರಕಟಿಸುವುದು ಮೊದಲನೆಯದು. ತಿಗಣೆ ಕಾಟಕ್ಕೆ ಬೇಸತ್ತವನು ಮೊಬೈಲ್‌ನಲ್ಲಿ ಐದು ನಿಮಿಷದಲ್ಲಿ ಪರಿಶೀಲಿಸಲು ಆಗದ ಪರವಾನಗಿ ಅವನ ಪಾಲಿಗೆ ಇದ್ದೂ ಇಲ್ಲದಂತೆ.

ಎರಡನೆಯದು, ಪೇಯಿಂಗ್ ಗೆಸ್ಟ್ ವಸತಿಗೃಹಗಳ ಪರವಾನಗಿಗೆ ಷರತ್ತು ಸೇರಿಸುವುದು. 2024ರಲ್ಲಿ ಆಗಿನ ಬಿಬಿಎಂಪಿ ಇವುಗಳಿಗೆ ಸಿಸಿಟಿವಿ, ಪ್ರತಿ ವ್ಯಕ್ತಿಗೆ ಇಂತಿಷ್ಟು ಜಾಗ, ಅಗ್ನಿ ಸುರಕ್ಷತೆ ಎಂದು ಮಾರ್ಗಸೂಚಿ ಹೊರಡಿಸಿತ್ತು. ಕೀಟ ನಿಯಂತ್ರಣವನ್ನು ಪರವಾನಗಿ ಉಳ್ಳವರಿಂದಲೇ ಮಾಡಿಸಬೇಕು, ಬಳಸಿದ ರಾಸಾಯನಿಕದ ಹೆಸರು, ದಿನಾಂಕ, ಮರುಪ್ರವೇಶದ ಸಮಯವನ್ನು ಬಾಗಿಲಿಗೆ ಅಂಟಿಸಬೇಕು, ಊರಿಗೆ ಹೋದವರಿಗೆ ಮುಂಚಿತವಾಗಿ ತಿಳಿಸಬೇಕು ಎಂಬ ಮೂರು ಸಾಲುಗಳಿಗೆ ಹಣ ಖರ್ಚಾಗದು. ಬಾಗಿಲ ಮೇಲಿನ ಒಂದು ಚೀಟಿ ಒಂದು ಜೀವ ಉಳಿಸಬಲ್ಲದು.

ಮೂರನೆಯದು, ಕಾಯ್ದೆಯಲ್ಲಿ ಈಗಾಗಲೇ ಇರುವ ಅಧಿಕಾರದ ಬಳಕೆ. ಕೀಟನಾಶಕದಿಂದ ವಿಷಪ್ರಾಶನವಾದ ಪ್ರಕರಣಗಳನ್ನು ವರದಿ ಮಾಡುವಂತೆ ಆದೇಶಿಸಲು 26ನೇ ಕಲಂ ರಾಜ್ಯ ಸರ್ಕಾರಕ್ಕೆ ಅವಕಾಶ ನೀಡುತ್ತದೆ. ನಗರದ ಆಸ್ಪತ್ರೆಗಳಿಂದ ಇಂತಹ ವರದಿ ತಪ್ಪದೆ ಬಂದರೆ ಯಾವ ರಾಸಾಯನಿಕ, ಯಾವ ಬಡಾವಣೆ, ಯಾವ ಬಗೆಯ ಕಟ್ಟಡ ಎಂಬ ಚಿತ್ರಣವಾದರೂ ಸಿಗುತ್ತದೆ. ಸಾವಾದಾಗ ಮಾತ್ರ ಸುದ್ದಿ, ಆಸ್ಪತ್ರೆಯಿಂದ ಬದುಕಿ ಬಂದವರ ಲೆಕ್ಕವಿಲ್ಲ ಎಂಬ ಸ್ಥಿತಿ ತಪ್ಪಬೇಕು.

ಗ್ರಾಹಕನ ಪಾಲಿನ ಹೊಣೆಯೂ ಚಿಕ್ಕದಲ್ಲ. ಕೆಲಸಕ್ಕೆ ಬಂದವನ ಬಳಿ ಪರವಾನಗಿಯ ಪ್ರತಿ ಕೇಳಬೇಕು. ಡಬ್ಬಿಯನ್ನು ಕಣ್ಣಾರೆ ನೋಡಬೇಕು. ಅದರ ಮೇಲಿನ ಚೌಕದಲ್ಲಿ ಕೆಂಪು ಬಣ್ಣವಿದ್ದರೆ ಅತ್ಯಂತ ತೀವ್ರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನಂತರ ನೀಲಿ, ಕೊನೆಗೆ ಹಸಿರು. ಹೆಸರಿಲ್ಲದ ಬಾಟಲಿಯಲ್ಲಿ ತಂದ ದ್ರಾವಣವನ್ನು ಮನೆಯೊಳಗೆ ಬಿಡಬಾರದು. ಗುಳಿಗೆ ಇಡುತ್ತೇನೆ, ಕೋಣೆ ಮುಚ್ಚಿಡಿ ಎಂದರೆ ಅಲ್ಲಿಗೇ ಕೆಲಸ ನಿಲ್ಲಿಸಬೇಕು. ಎಷ್ಟು ಹೊತ್ತು ಹೊರಗಿರಬೇಕು ಎಂಬುದನ್ನು ಬರೆಸಿಕೊಂಡು, ಮರಳಿದ ಮೇಲೆ ಕಿಟಕಿಗಳನ್ನೆಲ್ಲ ತೆರೆದು ಗಾಳಿಯಾಡಿಸಿದ ನಂತರವೇ ಮಲಗಬೇಕು. ವಾಂತಿ, ಉಸಿರಾಟದ ತೊಂದರೆ, ವಿಪರೀತ ಬೆವರು ಕಂಡರೆ ಅಜೀರ್ಣವೆಂದು ಕಾಯದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಧಾವಿಸಬೇಕು. ಡಬ್ಬಿಯೊಳಗಿನ ಚೀಟಿಯಲ್ಲಿ ಪ್ರಥಮ ಚಿಕಿತ್ಸೆಯ, ಪ್ರತಿವಿಷದ ವಿವರ ಇರಬೇಕೆಂಬುದು ನಿಯಮ, ವೈದ್ಯರಿಗೆ ಅದು ನೆರವಾಗುತ್ತದೆ.

ಇಷ್ಟು ಕೇಳುವ ಗ್ರಾಹಕರು ಹೆಚ್ಚಿದರೆ ಲಾಭ ಗ್ರಾಹಕನಿಗಷ್ಟೇ ಅಲ್ಲ. ಪದವಿ ಪಡೆದು, ಮೈಸೂರಿನಲ್ಲಿ ತರಬೇತಿ ಮುಗಿಸಿ, ತೆರಿಗೆ ಕಟ್ಟಿ, ಕೆಲಸಗಾರನಿಗೆ ಮುಖಕವಚ ಕೊಟ್ಟು ವ್ಯವಹಾರ ನಡೆಸುವವನ ಕಾಗದಕ್ಕೂ ಅಂದು ಬೆಲೆ ಬರುತ್ತದೆ. ಇಂದು ಆ ಕಾಗದ ಅವನನ್ನು ದುಬಾರಿಯಾಗಿಸಿದೆ. ನಾಳೆ ಅದೇ ಕಾಗದ ಅವನಿಗೆ ಕೆಲಸ ತಂದುಕೊಡುವಂತಾದರೆ, ಬೀಗ ತೆಗೆದು ಕೋಣೆಗೆ ಕಾಲಿಡುವವರ ಜೀವಕ್ಕೂ ಅಷ್ಟರಮಟ್ಟಿಗೆ ರಕ್ಷಣೆ ಸಿಕ್ಕೀತು.